ಬಲ್ಲವರ ದಾಸೋಹಕ್ಕೂ ಲೆಕ್ಕ ಬೇಕು

ಕಳೆದ ಶ್ರಾವಣದಲ್ಲಿ ಹುಲಗೂರಿಗೆ ಹೋಗಿದ್ದಾಗ ನಮ್ಮ ಭಾಗದ ಒಂದು ಪ್ರವಚನದ ಮಂಗಲ ಸಮಾರಂಭಕ್ಕೆ ನನ್ನನ್ನು ಕರೆದಿದ್ದರು. ವೇದಿಕೆಯ ಮೇಲೆ ಕೂಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತರು. ನಿರೂಪಣೆ ಮಾಡುತ್ತಿದ್ದ ಮಾಸ್ತರರು, 'ಈ ಮಣ್ಣಿನ ಮಗ ಬೆಂಗಳೂರಿನಲ್ಲಿ ದೊಡ್ಡ ತಂತ್ರಾಂಶ ತಜ್ಞರು, ನಾಲ್ಕು ಸಂಸ್ಥೆಗಳಿಗೆ ಸಲಹೆಗಾರರು, ತಮ್ಮ ಜ್ಞಾನವನ್ನು ಉಚಿತವಾಗಿ ಸಮಾಜಕ್ಕೆ ಧಾರೆ ಎರೆಯುತ್ತಿದ್ದಾರೆ' ಎಂದು ಪರಿಚಯಿಸಿದರು. ಸಭೆ ಚಪ್ಪಾಳೆ ತಟ್ಟಿತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯರು ಮಾತ್ರ ಕೈ ಕಟ್ಟಿಕೊಂಡೇ ಇದ್ದರು. ಅವರು ನನಗೆ ಗೊತ್ತು, ಅವರು ಚಪ್ಪಾಳೆ ತಟ್ಟದಿದ್ದುದರ ಕಾರಣವೂ ಗೊತ್ತು. ಆ ಕಾರಣವನ್ನು ಬರೆಯಲೆಂದೇ ಈ ಲೇಖನ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಬಡ ಮಕ್ಕಳಿಗೆ ಊಟ, ವಸತಿ ಕೊಡುವ ಒಂದು ಪ್ರಸಾದ ನಿಲಯಕ್ಕೆ ನಾನು ತಂತ್ರಾಂಶ ಮಾಡಿಕೊಟ್ಟೆ. ಪ್ರವೇಶದ ಅರ್ಜಿಗಳು, ಮಕ್ಕಳ ಪಟ್ಟಿ, ಪ್ರತಿ ತಿಂಗಳ ಜೋಳ, ಅಕ್ಕಿ, ಎಣ್ಣೆಯ ಖರ್ಚು, ಎಲ್ಲವೂ ಅದರಲ್ಲಿತ್ತು. ಎರಡು ತಿಂಗಳ ಶನಿವಾರ, ಭಾನುವಾರಗಳನ್ನು ಅದಕ್ಕೆ ಕೊಟ್ಟೆ. ಒಂದು ಪೈಸೆ ಮುಟ್ಟಲಿಲ್ಲ. ಅಲ್ಲಿನ ಗುಮಾಸ್ತರಿಗೆ ಒಂದು ದಿನ ತರಬೇತಿ ಕೊಟ್ಟು, ಫೋಟೋ ತೆಗೆಸಿಕೊಂಡು, ಬೆಂಗಳೂರಿನ ಬಸ್ಸು ಹತ್ತಿದೆ. ಆ ಗುಮಾಸ್ತರೇ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತೇನೆ.

ಪರದೆಯ ಮೇಲಿನ ಪ್ರತಿಯೊಂದು ಪದವೂ ಇಂಗ್ಲಿಷಿನಲ್ಲಿತ್ತು. ಕಾಕಾ ಏಳನೇ ಇಯತ್ತೆ ಓದಿದವರು, ಮೂವತ್ತು ವರ್ಷ ಕಿರ್ದಿ ಪುಸ್ತಕ ಬರೆದವರು, ಒಂದು ರೂಪಾಯಿ ಲೆಕ್ಕ ತಪ್ಪಿದವರಲ್ಲ. ಅವರು ಗುಂಡಿಗಳ ಬಣ್ಣ ನೆನಪಿಟ್ಟುಕೊಂಡು ಕೆಲಸ ಮಾಡಿದರು. ಅಡಚಣೆ ಬಂದಾಗಲೆಲ್ಲ ಫೋನು ಮಾಡುತ್ತಿದ್ದರು. ಮೊದಲ ವರ್ಷ ಎತ್ತಿದೆ. ಎರಡನೆಯ ವರ್ಷ 'ಬರುವ ವಾರ ನೋಡೋಣ ಕಾಕಾ' ಎಂದೆ. ಮೂರನೆಯ ವರ್ಷದ ಜೂನ್ ತಿಂಗಳಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಪ್ರತಿ ಬೇರೆಲ್ಲೂ ಇರಲಿಲ್ಲ. ತಂತ್ರಾಂಶ ಬಂದ ಮೇಲೆ ಪುಸ್ತಕ ಬರೆಯುವುದನ್ನು ನಿಲ್ಲಿಸಿದ್ದರು. ಕಾಗದದ ಅರ್ಜಿಗಳ ಗಂಟು ಅಟ್ಟ ಸೇರಿತ್ತು. ಅದನ್ನೆಲ್ಲ ಇಳಿಸಿ, ಹುಡುಕಿ, ಹೊಸದಾಗಿ ಪಟ್ಟಿ ಮಾಡುವಷ್ಟರಲ್ಲಿ ಎರಡು ವಾರ ತಡವಾಯಿತು. ಕೂಲಿ ಮಾಡುವ ತಂದೆಯೊಬ್ಬ, ಮಗನಿಗೆ ಜಾಗ ಸಿಗಲಿಲ್ಲವೆಂದು ತಿಳಿದು, ಹುಡುಗನನ್ನು ಗೌಂಡಿ ಕೆಲಸಕ್ಕೆ ಗೋವೆಗೆ ಕರೆದುಕೊಂಡು ಹೋಗಿದ್ದ. ಪಟ್ಟಿಯಲ್ಲಿ ಆ ಹುಡುಗನ ಹೆಸರಿತ್ತು. ಮರುವರ್ಷ ಅವನು ಮತ್ತೆ ಶಾಲೆಗೆ ಬಂದ, ಆದರೆ ಒಂದು ವರ್ಷ ಹೋಗಿಬಿಟ್ಟಿತ್ತು. ಬೈಗುಳ ತಿಂದವರು ಕಾಕಾ. ನಾನು ಕ್ಷಮೆ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟು:

'ತಮ್ಮಾ, ನೀ ಕೊಟ್ಟು ಹ್ವಾದಿ. ಸಂಭಾಳಸೂದು ನಮಗ ಬಂತು. ಪುಸ್ತಕದಾಗ ಬರದಿದ್ರ ಹರಿದ್ರೂ ಅರ್ಧಾ ಉಳೀತಿತ್ತಲ್ಲೋ.'

ನಾನು ಕೊಟ್ಟದ್ದು ಉಚಿತವಾಗಿತ್ತು ನಿಜ. ಆದರೆ ಅದರ ಖರ್ಚು ಬಿದ್ದದ್ದು ಆ ಹುಡುಗನ ಮೇಲೆ, ಕಾಕಾನ ಮೇಲೆ. ಇದನ್ನು ದಾಸೋಹ ಎಂದು ಕರೆಯಬಹುದೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇಂದು ನಮ್ಮ ಭಾಗದ ಪ್ರತಿಯೊಂದು ಹಳ್ಳಿಯಿಂದಲೂ ಮಕ್ಕಳು ತಂತ್ರಾಂಶದ ಕೆಲಸಕ್ಕೆ ಹೋಗಿದ್ದಾರೆ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರಿನ ಹುಡುಗ ಹುಡುಗಿಯರು ಬೆಂಗಳೂರು, ಪುಣೆ, ಹೈದರಾಬಾದು, ಅಮೆರಿಕೆಗಳಲ್ಲಿದ್ದಾರೆ. ಊರಿಗೆ ಏನಾದರೂ ಮಾಡಬೇಕೆಂಬ ಆಸೆ ಅವರಲ್ಲಿ ಇದೆ, ಅದು ಸಾಚಾ ಆಸೆ. ಮಠಗಳೂ ವಿದ್ಯಾಸಂಸ್ಥೆಗಳೂ ಸಹಕಾರಿ ಸಂಘಗಳೂ ಅವರನ್ನು ಸಲಹಾ ಮಂಡಳಿಗೆ ಸೇರಿಸಿಕೊಳ್ಳುತ್ತಿವೆ. ಇದು ಸಂತೋಷದ ಬೆಳವಣಿಗೆ. ಆದರೆ ಹಣದ ದಾಸೋಹಕ್ಕೆ ರಸೀದಿ ಇದೆ, ಅಕ್ಕಿಯ ದಾಸೋಹಕ್ಕೆ ತೂಕ ಇದೆ. ಬಲ್ಲತನದ ದಾಸೋಹಕ್ಕೆ ಮಾತ್ರ ನಾವು ಯಾವ ಲೆಕ್ಕವನ್ನೂ ಇಟ್ಟಿಲ್ಲ. ಈ ಲೆಕ್ಕ ಇಡಬೇಕು ಎಂಬುದೇ ನನ್ನ ವಾದ.

ನಮ್ಮ ಉದ್ಯಮದಲ್ಲಿ ಜ್ಞಾನವನ್ನು ಹಂಚಿಕೊಳ್ಳುವ ಪದ್ಧತಿ ಹೊಸದೇನಲ್ಲ. ನೀವು ಮೊಬೈಲಿನಲ್ಲಿ ಕನ್ನಡದಲ್ಲಿ ಸಂದೇಶ ಕಳಿಸುತ್ತೀರಲ್ಲ, ಅದರ ಹಿಂದೆ ಅನೇಕರ ಬಿಟ್ಟಿ ದುಡಿಮೆ ಇದೆ. ಕೆ.ಪಿ. ರಾವ್ ಅವರು ಕನ್ನಡ ಅಕ್ಷರಗಳನ್ನು ಕೀಲಿಮಣೆಯ ಮೇಲೆ ಉಚ್ಚಾರಕ್ಕೆ ತಕ್ಕಂತೆ ಜೋಡಿಸುವ ವಿನ್ಯಾಸ ರೂಪಿಸಿದರು. ಅದೇ ಮುಂದೆ ರಾಜ್ಯದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಅಮೆರಿಕೆಯಲ್ಲಿದ್ದುಕೊಂಡು, ತಮ್ಮ ಬಿಡುವಿನ ವೇಳೆಯಲ್ಲಿ 'ಬರಹ' ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ತಂದಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗವಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಂದಿಗೂ ಸಂಬಳವಿಲ್ಲದವರೇ ಬರೆಯುತ್ತಿದ್ದಾರೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ 'ವಚನ ಸಂಚಯ'. ತಂತ್ರಾಂಶದಲ್ಲಿ ದುಡಿಯುವ ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು, ಅದೇ ಉದ್ಯಮದಲ್ಲಿ ವರ್ಷಗಟ್ಟಲೆ ಇದ್ದ ಕಥೆಗಾರ ವಸುಧೇಂದ್ರ, ಸಾಹಿತ್ಯ ಬಲ್ಲ ಓ.ಎಲ್. ನಾಗಭೂಷಣಸ್ವಾಮಿ, ಇವರೆಲ್ಲ ಕೂಡಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಲು ಬರುವಂತೆ ಜೋಡಿಸಿಟ್ಟರು. 'ಕಾಯಕ' ಎಂಬ ಪದ ಯಾವ ಶರಣರ ಯಾವ ವಚನದಲ್ಲಿ ಬಂದಿದೆ ಎಂದು ಹುಲಗೂರಿನ ವಿದ್ಯಾರ್ಥಿನಿ ಕ್ಷಣದಲ್ಲಿ ನೋಡಬಹುದು. ಹಿಂದೆ ಇದಕ್ಕೆ ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನು ಒಂದೊಂದಾಗಿ ತಿರುವಬೇಕಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತಂತ್ರಾಂಶದವರು ತಮಗೇ ಎಲ್ಲ ಗೊತ್ತು ಎಂದುಕೊಳ್ಳದೆ ವಚನ ಬಲ್ಲವರನ್ನು ಜೊತೆಗೆ ಕೂಡಿಸಿಕೊಂಡರು. ಸಾಹಿತ್ಯದವರೂ ಯಂತ್ರವನ್ನು ಕಂಡು ಹಿಂದೆ ಸರಿಯಲಿಲ್ಲ.

ಇದಕ್ಕೆ ಮೇಲ್ಪಂಕ್ತಿ ಹಾಕಿದವರು ನಮ್ಮ ಫ.ಗು. ಹಳಕಟ್ಟಿಯವರೇ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ಮಾಡಿದವರು. ವಚನಗಳ ತಾಡೋಲೆ ಹುಡುಕಿಕೊಂಡು ಮನೆಮನೆಗೆ ಅಲೆದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಮನೆ ಮಾರಿ ಮುದ್ರಣಾಲಯ ಹಾಕಿದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ನಾವು ಅವರ ತ್ಯಾಗವನ್ನು ಹೊಗಳುತ್ತೇವೆ, ಆದರೆ ಅವರ ಕೆಲಸದ ಕ್ರಮವನ್ನು ಮರೆಯುತ್ತೇವೆ. ಅವರು ತಾಡೋಲೆ ತಂದು ಕಪಾಟಿನಲ್ಲಿಟ್ಟು ಸುಮ್ಮನಾಗಲಿಲ್ಲ. ಪ್ರತಿ ಮಾಡಿದರು, ಅಚ್ಚು ಹಾಕಿದರು, ಹಂಚಿದರು. 1964ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಕೆಲಸ ನಿಲ್ಲಲಿಲ್ಲ. ಏಕೆಂದರೆ ಅದು ಅಷ್ಟರಲ್ಲಿ ಹಲವರ ಕೈಗೆ ತಲುಪಿತ್ತು. ಕೊಡುವವನು ಹೋದ ಮೇಲೆಯೂ ಕೊಟ್ಟದ್ದು ನಡೆಯುತ್ತದೆಯೇ ಎಂಬುದೇ ಬಲ್ಲವರ ದಾಸೋಹಕ್ಕೆ ಒರೆಗಲ್ಲು. ನನ್ನ ಪ್ರಸಾದ ನಿಲಯದ ತಂತ್ರಾಂಶವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಅದು ಹಿತ್ತಾಳೆ.

ಒಬ್ಬಿಬ್ಬರ ಹೆಗಲ ಮೇಲೆ ನಿಂತ ಸೇವೆಗೆ ಇರುವ ಅಪಾಯ ಜಗತ್ತಿಗೇ ಒಮ್ಮೆ ಗೊತ್ತಾಯಿತು. 2014ರಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ದೊಡ್ಡದೊಂದು ದೋಷ ಸಿಕ್ಕಿತು. ಬ್ಯಾಂಕು, ಅಂಗಡಿ, ಸರ್ಕಾರಗಳ ಜಾಲತಾಣಗಳು ಗುಪ್ತಪದಗಳನ್ನು ಕಾಪಾಡಲು ಅದನ್ನೇ ನಂಬಿದ್ದವು. ವಿಚಾರಿಸಿ ನೋಡಿದರೆ, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಬಹುಪಾಲು ಸ್ವಯಂಸೇವಕರು. ಕೋಟ್ಯಂತರ ರೂಪಾಯಿ ಲಾಭ ಮಾಡುವ ಕಂಪನಿಗಳು ಅವರ ಕೆಲಸವನ್ನು ಬಳಸಿದ್ದವು, ಅವರು ಊಟ ಮಾಡಿದರೇ ಎಂದು ಕೇಳಿದವು ಕಡಿಮೆ. ನಮ್ಮ 'ಬರಹ'ದ ಹೊಸ ಆವೃತ್ತಿಗಳಿಗೂ ಮುಂದೆ ಬೆಲೆ ಬಂತು. ಅದರಲ್ಲಿ ತಪ್ಪೇನೂ ಇಲ್ಲ. ಒಬ್ಬ ಮನುಷ್ಯ ಒಂದು ನಾಡಿನ ಅಕ್ಷರವನ್ನು ಬಿಟ್ಟಿಯಾಗಿ ಎಷ್ಟು ವರ್ಷ ಹೊರಬೇಕು?

ಇಲ್ಲಿಗೆ ನನ್ನ ಎರಡನೆಯ ಮಾತು ಬರುತ್ತದೆ. ಉಚಿತ ಎಂಬುದು ಯಾವಾಗಲೂ ಒಳ್ಳೆಯದಲ್ಲ. ನಾನು ಪ್ರಸಾದ ನಿಲಯಕ್ಕೆ ಬಿಟ್ಟಿ ತಂತ್ರಾಂಶ ಕೊಟ್ಟಾಗ ಶಿಗ್ಗಾಂವಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ ಒಬ್ಬ ಹುಡುಗ ಅದೇ ಕೆಲಸವನ್ನು ಸ್ವಲ್ಪ ಹಣಕ್ಕೆ ಮಾಡಿಕೊಡಲು ಕೇಳಿದ್ದನಂತೆ. 'ಬೆಂಗಳೂರಿನವರು ಪುಕ್ಕಟೆ ಕೊಡ್ತಾರ' ಎಂದು ಅವನನ್ನು ಕಳಿಸಿಬಿಟ್ಟಿದ್ದರು. ಇದು ನನಗೆ ತಿಳಿದದ್ದು ವರ್ಷಗಳ ಮೇಲೆ. ಅವನು ಮಾಡಿದ್ದರೆ ಅರ್ಧ ತಾಸಿನಲ್ಲಿ ಮೋಟಾರ್ ಸೈಕಲ್ ಮೇಲೆ ಬಂದು ಸರಿಪಡಿಸುತ್ತಿದ್ದ. ನನ್ನ ದಾಸೋಹ ಇನ್ನೊಬ್ಬನ ಕಾಯಕವನ್ನು ಕಸಿದಿತ್ತು. ಶರಣರು ದಾಸೋಹವನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಒಬ್ಬರ ದುಡಿಮೆಯನ್ನು ಕೊಲ್ಲುವ ಕೊಡುಗೆಗೆ ದಾಸೋಹದ ಹೆಸರು ಹೊಂದುವುದಿಲ್ಲ.

ಹಾಗಾದರೆ ಬೆಂಗಳೂರಿನವರು ಏನು ಮಾಡಬೇಕು? ಸಂಸ್ಥೆ ಊರಿನ ಹುಡುಗನಿಗೋ ಹುಡುಗಿಗೋ ನ್ಯಾಯವಾದ ಕೂಲಿ ಕೊಟ್ಟು ಕೆಲಸ ಮಾಡಿಸಲಿ. ಬೆಂಗಳೂರಿನ ಬಲ್ಲವರು ಅವರಿಗೆ ಹೇಳಿಕೊಡಲಿ, ಮಾಡಿದ್ದನ್ನು ಪರೀಕ್ಷಿಸಲಿ, ಎಡವಿದಾಗ ಕೈ ಹಿಡಿಯಲಿ. ಅದಕ್ಕೆ ಹಣ ಬೇಡ. ಆಗ ಜ್ಞಾನ ಊರಲ್ಲೇ ಉಳಿಯುತ್ತದೆ, ಕೂಲಿಯೂ ಊರಲ್ಲೇ ಉಳಿಯುತ್ತದೆ.

ಈ ಪಾಠವನ್ನು ಕಲಿತ ಮೇಲೆ ನಾನು ಕೈಹಾಕಿದ ಇನ್ನೊಂದು ಕೆಲಸದ ಬಗ್ಗೆ ಹೇಳುತ್ತೇನೆ. ಒಂದು ಮಠದ ಹಳೆಯ ಪುಸ್ತಕಗಳ, ಪತ್ರಿಕೆಗಳ ಕಂಪ್ಯೂಟರ್ ಪ್ರತಿಗಳನ್ನು ನೋಡಿಕೊಡಿ ಎಂದು ಕೇಳಿದರು. ಇಪ್ಪತ್ತು ವರ್ಷದ ಬರಹಗಳು ಸಿ.ಡಿ.ಗಳಲ್ಲಿ, ಹಳೆಯ ಕಂಪ್ಯೂಟರಿನಲ್ಲಿ ಇದ್ದವು. ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಾರಣ ಸರಳ. ಹಳೆಯ ಡಿಟಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂಡಿಸಿದ್ದವು. ಆ ಫಾಂಟು ಇಲ್ಲದಿದ್ದರೆ ಕನ್ನಡವೇ ಇಲ್ಲ. ಹುಡುಕಲು ಬರುವುದಿಲ್ಲ, ಮೊಬೈಲಿನಲ್ಲಿ ಓದಲು ಬರುವುದಿಲ್ಲ. ಅದನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಇವೆ, ಆದರೆ ಅವು ಎಡವುತ್ತವೆ. 'ಧರ್ಮ' ಎಂಬ ಪದವನ್ನೇ ನೋಡಿ. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವಂತೆ ಧ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಿ ನುಡಿಯುವಂತೆ ಧ, ರ್, ಮ. ಕ್ರಮವೇ ಬೇರೆ. ಒಂದೊಂದು ಫಾಂಟಿಗೆ ಒಂದೊಂದು ರೀತಿ.

ಈ ಸಲ ನಾನು ಒಬ್ಬನೇ ಮಾಡಲಿಲ್ಲ. ಆ ಮಠದ ಮುದ್ರಣಾಲಯದಲ್ಲಿ ಹದಿನೆಂಟು ವರ್ಷದಿಂದ ಡಿಟಿಪಿ ಮಾಡುತ್ತಿದ್ದ ಅಕ್ಕ ಒಬ್ಬರು ಜೊತೆಗೆ ಕೂತರು. ಅವರ ಸಂಬಳ ಮಠವೇ ಕೊಟ್ಟಿತು. ನನ್ನ ಪ್ರೋಗ್ರಾಂ ನೂರು ಪುಟ ತಿರುಗಿಸಿದಾಗ ಅವರು ಬೆರಳಿಟ್ಟು ತೋರಿಸಿದರು: 'ಅಣ್ಣಾರ, ಇಲ್ಲಿ ಒತ್ತಕ್ಷರ ಜಾರ್ಯಾವು ನೋಡ್ರಿ. ಈ ಫಾಂಟಿನಾಗ ಕೆಲವು ಒತ್ತು ನಾವ ಕೈಯಿಂದ ಕೂಡಸ್ತಿದ್ವಿ.' ಅದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಅವರ ಕೈಗೆ ಮಾತ್ರ ಗೊತ್ತಿತ್ತು. ಆ ಕೋಣೆಯಲ್ಲಿ ತಜ್ಞೆ ಎಂದರೆ ಅವರು, ನಾನು ಸಹಾಯಕ. ಎಲ್ಲ ಸಂಚಿಕೆಗಳೂ ಇನ್ನೂ ಮುಗಿದಿಲ್ಲ. ಕೆಲವು ಸಿ.ಡಿ.ಗಳು ಓದಲು ಬಾರದಷ್ಟು ಹಾಳಾಗಿವೆ. ಅವುಗಳ ಮುದ್ರಿತ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ಮಾತ್ರ ಉಳಿದೀತು. ಆದರೆ ಈಗ ನಾನು ಬೆಂಗಳೂರಿನಲ್ಲಿದ್ದರೂ ಕೆಲಸ ನಡೆದಿದೆ. ಆ ಅಕ್ಕ ಇನ್ನಿಬ್ಬರಿಗೆ ಕಲಿಸಿದ್ದಾರೆ.

ಇದನ್ನು ಓದುತ್ತಿರುವ ಪೂಜ್ಯರಲ್ಲಿ, ಸಂಸ್ಥೆಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಪುಸ್ತಕ, ಪತ್ರಿಕೆಗಳ ಕಂಪ್ಯೂಟರ್ ಪ್ರತಿಗಳು ಎಲ್ಲಿವೆ, ಯಾವ ಫಾಂಟಿನಲ್ಲಿವೆ, ಇಂದು ತೆರೆಯುತ್ತವೆಯೇ ಎಂದು ಈ ತಿಂಗಳೇ ಒಮ್ಮೆ ನೋಡಿಸಿ. ತಾಡೋಲೆಗೆ ಗೆದ್ದಲು ಹತ್ತಲು ನೂರು ವರ್ಷ ಬೇಕಾಗಬಹುದು. ಸಿ.ಡಿ. ಹಾಳಾಗಲು ಅಷ್ಟು ಬೇಡ.

ಸಲಹಾ ಮಂಡಳಿಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ನಮ್ಮ ಉದ್ಯಮದಲ್ಲಿ ಹೊಸ ಕಂಪನಿಗಳು ಹೆಸರಾದವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡು ಅದಕ್ಕೆ ಷೇರಿನ ಪಾಲು ಕೊಡುವುದುಂಟು. ಅಲ್ಲಿ ಅದೊಂದು ವ್ಯವಹಾರ, ಕರಾರು ಇರುತ್ತದೆ, ಅವಧಿ ಇರುತ್ತದೆ. ಮಠದ ಸಂಸ್ಥೆಯಲ್ಲಿ ಕರಾರೂ ಇಲ್ಲ, ಅವಧಿಯೂ ಇಲ್ಲ. ಲೆಟರ್‌ಹೆಡ್ಡಿನಲ್ಲಿ ಹೆಸರು ಮಾತ್ರ ಇರುತ್ತದೆ. ನಾಲ್ಕು ಸಂಸ್ಥೆಗಳ ಸಲಹೆಗಾರ ಎಂದು ನನ್ನನ್ನು ಹೊಗಳಿದರಲ್ಲ, ನಿಜ ಹೇಳುವುದಾದರೆ ಅವುಗಳಲ್ಲಿ ಎರಡರ ಸಭೆಗೆ ನಾನು ಆ ವರ್ಷ ಹೋಗಿಯೇ ಇರಲಿಲ್ಲ. ಆಯ್ದಕ್ಕಿ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಹೊರಲಾರದಷ್ಟು ಪದವಿಗಳೂ ಹಾಗೆ ಹೆಚ್ಚಾಗಿ ತಂದ ಅಕ್ಕಿಯೇ. ಆ ಸಮಾರಂಭದ ಮರುವಾರ ನಾನು ಎರಡು ಸಂಸ್ಥೆಗಳಿಗೆ ಪತ್ರ ಬರೆದು ಹೆಸರು ತೆಗೆಯಲು ಕೇಳಿಕೊಂಡೆ.

ಇನ್ನೊಂದು ಮಾತು, ನಮ್ಮವರಿಗೆ ಅಷ್ಟು ಹಿಡಿಸದ್ದು. ನಗರಗಳಲ್ಲಿ ವೃತ್ತಿಪರರ ಕೂಟಗಳನ್ನು ಜಾತಿಯ ಮೇಲೆ ಕಟ್ಟುವ ರೂಢಿ ಬೆಳೆದಿದೆ. ನೌಕರಿಯ ಶಿಫಾರಸು ನಮ್ಮವರಿಗೆ, ಮಾರ್ಗದರ್ಶನ ನಮ್ಮವರಿಗೆ, ಅದರಲ್ಲೂ ಒಳಪಂಗಡ ನೋಡಿ. ಅನುಭವ ಮಂಟಪದಲ್ಲಿ ಮಡಿವಾಳ, ಅಂಬಿಗ, ಮೇದಾರ, ನುಲಿ ಹೊಸೆಯುವವ, ಎಲ್ಲರೂ ತಮ್ಮ ತಮ್ಮ ಕಸುಬಿನ ಅನುಭಾವವನ್ನು ಹೊತ್ತು ಬಂದು ಕೂಡಿದರು ಎಂದು ಭಾಷಣ ಮಾಡುವ ನಾವೇ ಇದನ್ನೂ ಮಾಡುತ್ತೇವೆ. ನಮ್ಮ ಹುಲಗೂರು ಬೇರೆ ಪಾಠ ಹೇಳುತ್ತದೆ. ಹುಲಗೂರಿನ ಹಜರೇಶ ಖಾದ್ರಿಯವರು ಶಿಶುನಾಳ ಶರೀಫರ ತಂದೆ ಇಮಾಮಸಾಹೇಬರಿಗೆ ಗುರುಗಳಾಗಿದ್ದರು, ಅಲ್ಲಮಪ್ರಭುಗಳ ಬೋಧೆಯನ್ನೂ ಹೇಳಿಕೊಡುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮುಂದೆ ಶರೀಫರನ್ನು ಶಿಷ್ಯನಾಗಿ ಸ್ವೀಕರಿಸಿದವರು ಕಳಸದ ಗೋವಿಂದ ಭಟ್ಟರು. ಯಾರ ಜ್ಞಾನ ಯಾರಿಗೆ ಹೋಯಿತು ನೋಡಿ. ದರ್ಗಾದ ಓಣಿಯ ಹುಡುಗಿ, ಕೇರಿಯ ಹುಡುಗ ಬಂದು ಕಂಪ್ಯೂಟರ್ ಕಲಿಸಿ ಎಂದಾಗ ಕುಲ ಕೇಳದೆ ಕಲಿಸಿದರೆ ಮಾತ್ರ ಅದು ಜ್ಞಾನ ದಾಸೋಹ. ಉಳಿದದ್ದು ಬೀಗತನ.

ಹಾಗಾದರೆ ಲೆಕ್ಕ ಇಡುವುದು ಹೇಗೆ? ನನ್ನ ಅನುಭವದಿಂದ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದಾಗಿ, ಸಂಸ್ಥೆಗಳು ಹೆಸರನ್ನು ಕೇಳದೆ ಕೆಲಸವನ್ನು ಕೇಳಲಿ. 'ಸಲಹೆಗಾರರಾಗಿ' ಎನ್ನುವ ಬದಲು 'ನಮ್ಮ ಗ್ರಂಥಾಲಯದ ಪಟ್ಟಿ ಮಾಡಿಸಿಕೊಡಿ, ಆರು ತಿಂಗಳು' ಎನ್ನಲಿ. ಎರಡನೆಯದಾಗಿ, ಕೊಡುವವರು ಊರಿನ ಇಬ್ಬರಿಗೆ ಕಲಿಸದೆ ಕೆಲಸ ಮುಗಿಯಿತು ಎನ್ನಬಾರದು. ಒಬ್ಬರಿಗೆ ಕಲಿಸಿದರೆ ಸಾಲದು, ಮದುವೆಯೋ ನೌಕರಿಯೋ ಬಂದರೆ ಅವರು ಊರು ಬಿಡುತ್ತಾರೆ. ಮೂರನೆಯದಾಗಿ, ಪರದೆಯ ಮೇಲಿನ ಮಾತು ಕನ್ನಡದಲ್ಲಿರಲಿ, ಬರಹ ಯೂನಿಕೋಡಿನಲ್ಲಿರಲಿ. ನಾಲ್ಕನೆಯದಾಗಿ, ಗುಪ್ತಪದ, ಜಾಲತಾಣದ ಹೆಸರು ಎಲ್ಲವೂ ಸಂಸ್ಥೆಯ ಹೆಸರಿನಲ್ಲಿರಲಿ, ಸ್ವಯಂಸೇವಕನ ಜೇಬಿನಲ್ಲಿ ಬೇಡ. ಮೂರು ಕಡೆ ಪ್ರತಿ ಇರಲಿ, ಅವುಗಳಲ್ಲಿ ಒಂದು ಆ ಕಟ್ಟಡದ ಹೊರಗಿರಲಿ. ಐದನೆಯದಾಗಿ, ಸಲಹೆ ಕೊಡುವವನು ತನ್ನ ಕಂಪನಿಯ ಸರಕನ್ನು ಅದೇ ಸಂಸ್ಥೆಗೆ ಮಾರಬಾರದು. ಮಾರುವುದಾದರೆ ಮೊದಲು ಮಂಡಳಿಯಿಂದ ಇಳಿಯಲಿ. ಕೊನೆಯದಾಗಿ, ವರ್ಷಕ್ಕೊಮ್ಮೆ ಜಮಾ ಖರ್ಚು ಓದುವ ಸಭೆಯಲ್ಲೇ ಈ ಲೆಕ್ಕವನ್ನೂ ಓದಲಿ: ಯಾರು ಏನು ಮಾಡುತ್ತೇನೆಂದರು, ಏನು ಮಾಡಿದರು, ಯಾರು ಕಲಿತರು. ಮಾಡದವರ ಹೆಸರನ್ನೂ ಓದಲಿ. ನನ್ನ ಹೆಸರಿದ್ದರೂ ಸರಿ.

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಯಾರು ಮುಂದೆ ಬರುತ್ತಾರೆ, ಬಿಟ್ಟಿ ಮಾಡುವವರಿಗೆ ಇಷ್ಟು ಬಿಗಿ ಏಕೆ ಎಂದು ಕೆಲವರು ಕೇಳಬಹುದು. ಕೆಲವರು ಬರಲಿಕ್ಕಿಲ್ಲ, ನಿಜ. ಆದರೆ ದಾಸೋಹದ ಅಡುಗೆ ಮನೆಯಲ್ಲಿ ಬಿಟ್ಟಿ ಅಡುಗೆ ಮಾಡುವವರೂ ಕೈ ತೊಳೆಯಲೇಬೇಕು. ಉಣ್ಣುವವರು ಮಕ್ಕಳು. ಬಿಟ್ಟಿ ಎಂಬ ಕಾರಣಕ್ಕೆ ಹಳಸಿದ್ದನ್ನು ಬಡಿಸಲಾಗದು.

ಸಮಾರಂಭ ಮುಗಿದ ಮೇಲೆ ಪ್ರಸಾದದ ಪಂಕ್ತಿಯಲ್ಲಿ ಕಾಕಾನ ಪಕ್ಕವೇ ಕುಳಿತೆ. ರೊಟ್ಟಿ ಮುರಿಯುತ್ತ ಅವರು, 'ಮೊನ್ನೆ ಆ ಹುಡುಗ ಬಂದಿದ್ದ. ಈಗ ಐಟಿಐ ಮುಗಿಸ್ಯಾನ. ಕಂಪ್ಯೂಟರ್ ಕಲೀಬೇಕಂತ. ಯಾರನ್ನ ಕೇಳಬೇಕು ಅಂದ' ಎಂದರು. ನಾನು ಏನು ಹೇಳುತ್ತೇನೆ ಎಂದು ಕಾಯಲೂ ಇಲ್ಲ. 'ನಿನ್ನ ನಂಬರ್ ಕೊಟ್ಟೀನಿ. ಈ ಸಲ ಫೋನ್ ಎತ್ತು' ಎಂದರು.

ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಆ ಫೋನು ಬರುತ್ತದೆ. ಎತ್ತುತ್ತಿದ್ದೇನೆ.